ವೈನು ಬಪ್ಪು ಮತ್ತು ನಮ್ಮ ಸೀಮೆ

ಹುಮನಾಬಾದಿನ ಬಳಿಯ ದುಬಲಗುಂಡಿಯೂ ಸೇರಿದಂತೆ ಬೀದರ ಸೀಮೆಯು 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಒಳಪಟ್ಟಿದ್ದಿತು. ಆದುದರಿಂದ ಆ ರಾಜಧಾನಿಯ ನಿಜಾಮಿಯಾ ವೇಧಶಾಲೆಯ ಚರಿತ್ರೆಯು ನಮ್ಮ ಚರಿತ್ರೆಯ ಅಂಗವೂ ಹೌದು. ಭಾರತದ ಆಧುನಿಕ ಖಗೋಳವಿಜ್ಞಾನಕ್ಕೆ ತಳಹದಿ ಹಾಕಿದವರಲ್ಲಿ ಅಗ್ರಗಣ್ಯರಾದ ಎಂ. ಕೆ. ವೈನು ಬಪ್ಪು ಅವರ ತಂದೆಯವರು ಆ ವೇಧಶಾಲೆಯ ಸೇವೆಯಲ್ಲಿದ್ದರು.

1927ರಲ್ಲಿ ಮದರಾಸಿನಲ್ಲಿ ಜನಿಸಿದ ಬಪ್ಪು, ಹೈದರಾಬಾದಿನ ನಿಜಾಂ ಕಾಲೇಜಿನಲ್ಲಿ ಓದಿ, ಸರ್ಕಾರದ ವಿದ್ಯಾರ್ಥಿವೇತನದಿಂದ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. 1949ರಲ್ಲಿ ಅಲ್ಲಿ ಅವರು ಕಂಡುಹಿಡಿದ ಧೂಮಕೇತುವಿಗೆ ಬಪ್ಪು-ಬಾಕ್-ನ್ಯೂಕರ್ಕ್ ಎಂಬ ಹೆಸರಾಯಿತು. 1957ರಲ್ಲಿ ಓಲಿನ್ ವಿಲ್ಸನ್ನರೊಡನೆ ಅವರು ಒಂದು ನಿಯಮವನ್ನು ಪ್ರಕಟಿಸಿದರು: ತಂಪು ನಕ್ಷತ್ರಗಳ ವರ್ಣಪಟಲದ ಕ್ಯಾಲ್ಸಿಯಂ ರೇಖೆಯ ಅಗಲವು ಆ ನಕ್ಷತ್ರಗಳ ನಿಜವಾದ ಪ್ರಕಾಶವನ್ನು ಸೂಚಿಸುತ್ತದೆ. ಅದನ್ನು ನಮಗೆ ಕಾಣುವ ಪ್ರಕಾಶದೊಡನೆ ಹೋಲಿಸಿ ನಕ್ಷತ್ರದ ದೂರವನ್ನು ಗಣಿಸಬಹುದು.

ಚರಿತ್ರೆಯ ದೃಷ್ಟಿಯಿಂದ ಅವರ ಹಿರಿಮೆಯು ಇದಕ್ಕಿಂತ ಮಿಗಿಲಾಗಿ ಸಂಸ್ಥೆಗಳ ನಿರ್ಮಾಣದಲ್ಲಿದೆ. ಸ್ವದೇಶಕ್ಕೆ ಮರಳಿದ ಅವರು ಉತ್ತರ ಪ್ರದೇಶದ ವೇಧಶಾಲೆಯನ್ನು ನೈನಿತಾಲಿನಲ್ಲಿ ನೆಲೆಗೊಳಿಸಿದರು. 1960ರಲ್ಲಿ ಕೊಡೈಕೆನಾಲಿನ ನಿರ್ದೇಶಕರಾದರು. ತಮಿಳುನಾಡಿನ ಕಾವಲೂರಿನಲ್ಲಿ ಹೊಸ ವೇಧಶಾಲೆಯನ್ನು ಕಟ್ಟಿದರು. 1971ರಲ್ಲಿ ರೂಪುಗೊಂಡ ಭಾರತೀಯ ಖಭೌತ ಸಂಸ್ಥೆಗೆ ಅವರೇ ನಿರ್ದೇಶಕರು. ಅದರ ಕೇಂದ್ರವು ಇಂದು ಬೆಂಗಳೂರಿನಲ್ಲಿದೆ. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ದೇಶದಲ್ಲಿಯೇ ನಿರ್ಮಿಸಲೆಂದು ಅವರು ಹಂಬಲಿಸಿದ 2.34 ಮೀಟರಿನ ದೂರದರ್ಶಕವು ಕಾವಲೂರಿನಲ್ಲಿ ಉದ್ಘಾಟನೆಗೊಂಡುದು 1986ರಲ್ಲಿ. ಅವರು 1982ರಲ್ಲಿಯೇ ಕಾಲವಾಗಿದ್ದರು. ಅದು ಅವರ ಹೆಸರನ್ನು ಹೊತ್ತಿದೆ.

ಹೈದರಾಬಾದಿನ ಬೊಕ್ಕಸವು ದುಬಲಗುಂಡಿಯಂತಹ ಗ್ರಾಮಗಳ ಕಂದಾಯದಿಂದಲೂ ತುಂಬುತ್ತಿದ್ದಿತು. ಅದರಿಂದ ಒಬ್ಬ ವಿದ್ಯಾರ್ಥಿಗೆ ಸಂದ ವೇತನವು ವೇಧಶಾಲೆಗಳ ರೂಪದಲ್ಲಿ ಇಡೀ ದೇಶಕ್ಕೆ ಹಿಂದಿರುಗಿತೆಂಬುದನ್ನು ಪ್ರಾದೇಶಿಕ ಚರಿತ್ರೆಯನ್ನು ಬರೆಯುವ ನಾವು ಮರೆಯಲಾಗದು.