ಬ್ಯಾಂಕಾಕ್‌ನಲ್ಲಿ ಕಾಂಡೊ: ಹಣ ಇದ್ದರೆ ಸಾಲದು, ಅದು ಬಂದ ದಾರಿಯೂ ಸರಿಯಿರಬೇಕು

ಥಾಯ್ಲೆಂಡಿನಲ್ಲಿ ವಿದೇಶಿಯರು ಸಾಮಾನ್ಯವಾಗಿ ಜಮೀನು ಕೊಳ್ಳುವಂತಿಲ್ಲ. ಆದರೆ ಕಾಂಡೊಮಿನಿಯಂ ಎಂದು ನೋಂದಣಿಯಾದ ಕಟ್ಟಡದಲ್ಲಿ ಒಂದು ಫ್ಲ್ಯಾಟನ್ನು ತಮ್ಮದೇ ಹೆಸರಿನಲ್ಲಿ, ಪೂರ್ಣ ಹಕ್ಕಿನಿಂದ ಕೊಳ್ಳಬಹುದು. ಇದಕ್ಕೆ ಆಧಾರ 1979ರ ಕಾಂಡೊಮಿನಿಯಂ ಕಾಯ್ದೆ, ಮುಖ್ಯವಾಗಿ ಅದರ 19ನೇ ಸೆಕ್ಷನ್. ಬ್ಯಾಂಕಾಕ್, ಪಟ್ಟಾಯ, ಫುಕೆಟ್‌ಗಳಲ್ಲಿ ನೆಲೆಸಿರುವ ಭಾರತೀಯರಲ್ಲಿ ಈ ಹಕ್ಕಿನ ವಿಷಯ ಗೊತ್ತಿಲ್ಲದವರು ಕಡಿಮೆ. ಆದರೆ ಹಕ್ಕಿಗೆ ಅಂಟಿಕೊಂಡ ಷರತ್ತು ಎಷ್ಟೋ ಜನರಿಗೆ ನೋಂದಣಿಯ ಹೊತ್ತಿಗೆ ತಿಳಿಯುತ್ತದೆ. ಕೊಳ್ಳುವ ಹಣ ಎಲ್ಲಿಂದ, ಯಾವ ಕರೆನ್ಸಿಯಲ್ಲಿ, ಯಾರ ಹೆಸರಿಗೆ ಬಂತು ಎಂಬುದಕ್ಕೆ ಕಾಗದದ ಸಾಕ್ಷಿ ಕೊಡಬೇಕು. ಈ ಬಗ್ಗೆ ಹರಡಿರುವ ಕೆಲವು ತಪ್ಪು ಕಲ್ಪನೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಇಲ್ಲೇ ದುಡಿಯುತ್ತೇನೆ, ಇಲ್ಲೇ ತೆರಿಗೆ ಕಟ್ಟುತ್ತೇನೆ. ಸಂಬಳದ ಉಳಿತಾಯದಲ್ಲೇ ಕಾಂಡೊ ಕೊಳ್ಳಬಹುದು.

ಸತ್ಯ: ಹೆಚ್ಚಿನವರಿಗೆ ಇದು ಸಾಧ್ಯವಿಲ್ಲ. 19ನೇ ಸೆಕ್ಷನ್ ಕಾಂಡೊ ಕೊಳ್ಳಲು ಅರ್ಹರಾದ ವಿದೇಶಿಯರನ್ನು ಐದು ಗುಂಪುಗಳಾಗಿ ವಿಂಗಡಿಸುತ್ತದೆ. ವಲಸೆ ಕಾಯ್ದೆಯಡಿ ಖಾಯಂ ವಾಸದ ಅನುಮತಿ ಪಡೆದವರು ಮೊದಲ ಗುಂಪು, ಹೂಡಿಕೆ ಉತ್ತೇಜನ ಕಾಯ್ದೆಯಡಿ ದೇಶದೊಳಗೆ ಬಂದವರು ಎರಡನೆಯದು. ಮೂರು ಮತ್ತು ನಾಲ್ಕನೆಯವು ಕೆಲವು ಬಗೆಯ ಕಂಪನಿಗಳಿಗೆ ಸಂಬಂಧಿಸಿದವು. ಉಳಿದವರೆಲ್ಲ ಐದನೇ ಗುಂಪಿಗೆ ಸೇರುತ್ತಾರೆ. ಅವರು ವಿದೇಶಿ ಕರೆನ್ಸಿಯನ್ನು ದೇಶದೊಳಗೆ ತಂದಿರಬೇಕು, ಇಲ್ಲವೇ ಅನಿವಾಸಿಯ ಬಹ್ತ್ ಖಾತೆಯಿಂದ ಅಥವಾ ವಿದೇಶಿ ಕರೆನ್ಸಿ ಖಾತೆಯಿಂದ ಹಣ ತೆಗೆದಿರಬೇಕು.

ಬ್ಯಾಂಕಾಕಿನ ಕಚೇರಿಯೊಂದರಲ್ಲಿ ಹತ್ತು ವರ್ಷ ದುಡಿದ ಎಂಜಿನಿಯರ್ ಕೂಡ ಈ ಐದನೇ ಗುಂಪಿನವರೇ. ಸ್ಥಳೀಯ ಖಾತೆಗೆ ಬಹ್ತ್‌ನಲ್ಲಿ ಬಿದ್ದ ಸಂಬಳ ಎಷ್ಟೇ ಪ್ರಾಮಾಣಿಕವಾಗಿರಲಿ, ಅದು ಹೊರಗಿನಿಂದ ಬಂದ ಹಣವಲ್ಲ. ಹಾಗಾಗಿ ಕೆಲವರು ತೆರಿಗೆ ಕಟ್ಟಿದ ಉಳಿತಾಯವನ್ನು ಮೊದಲು ಬೇರೆ ದೇಶದ ತಮ್ಮ ಖಾತೆಗೆ ಕಳಿಸಿ, ಅಲ್ಲಿಂದ ಡಾಲರ್‌ನಲ್ಲೋ ಯೂರೊದಲ್ಲೋ ಮತ್ತೆ ತರಿಸಿಕೊಳ್ಳುತ್ತಾರೆ. ಮೂಗನ್ನು ತಲೆ ಸುತ್ತಿ ಹಿಡಿದಂತೆ ಕಂಡರೂ ಕಾನೂನು ಕೇಳುವುದು ಈ ಸುತ್ತನ್ನೇ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ವಿನಿಮಯದ ನಷ್ಟ ಮತ್ತು ಬ್ಯಾಂಕ್ ಶುಲ್ಕ ತಪ್ಪಿದ್ದಲ್ಲ. ಆ ವೆಚ್ಚವನ್ನು ಫ್ಲ್ಯಾಟಿನ ಬೆಲೆಗೆ ಮೊದಲೇ ಸೇರಿಸಿಕೊಂಡು ಲೆಕ್ಕ ಹಾಕುವುದು ಒಳ್ಳೆಯದು.

ತಪ್ಪು ಕಲ್ಪನೆ: ದೀರ್ಘಾವಧಿ ವೀಸಾ ಇದ್ದರೆ ಖಾಯಂ ನಿವಾಸಿಗೆ ಸಿಗುವ ವಿನಾಯಿತಿಯೂ ಸಿಗುತ್ತದೆ.

ಸತ್ಯ: ನಿವೃತ್ತರ ವೀಸಾ, ಮದುವೆಯ ವೀಸಾ, ಕೆಲಸದ ವೀಸಾ, ದುಬಾರಿ ಸದಸ್ಯತ್ವದ ವೀಸಾ ಇವೆಲ್ಲ ತಾತ್ಕಾಲಿಕ ವಾಸದ ಅನುಮತಿಗಳು. ಮೊದಲ ಗುಂಪಿನವರಂತೆ ವಿದೇಶಿ ಹಣದ ಸಾಕ್ಷಿ ಕೊಡದೆ ಕೊಳ್ಳಬೇಕಾದರೆ ನಿಜವಾದ ಖಾಯಂ ವಾಸದ ಪ್ರಮಾಣಪತ್ರ ಬೇಕು. ಅದಕ್ಕೆ ಅರ್ಜಿ ಹಾಕಲು ಸತತ ಮೂರು ವರ್ಷ ವಲಸೆಯೇತರ ವೀಸಾದಲ್ಲಿ ನೆಲೆಸಿರಬೇಕು. ಆಮೇಲೂ ಒಂದು ದೇಶದ ಪ್ರಜೆಗಳಿಗೆ ವರ್ಷಕ್ಕೆ 100 ಮಂದಿ ಎಂಬ ಮಿತಿ ಇದೆ. ಹೀಗಾಗಿ ಅಲ್ಲಿ ವಾಸವಿರುವ ಭಾರತೀಯರಲ್ಲಿ ಈ ವಿನಾಯಿತಿ ದಕ್ಕುವುದು ಕೆಲವರಿಗಷ್ಟೇ. ಕಾಂಡೊ ಕೊಂಡ ಮಾತ್ರಕ್ಕೆ ವಾಸದ ಹಕ್ಕು ಬರುವುದೂ ಇಲ್ಲ. ಮನೆಯ ಹಕ್ಕು ಬೇರೆ, ವೀಸಾ ಬೇರೆ.

ತಪ್ಪು ಕಲ್ಪನೆ: ಹೊರಗಿನಿಂದ ಬಂದರೆ ಸಾಕು, ಬಹ್ತ್ ಆಗಿ ಬಂದರೇನು, ಡಾಲರ್ ಆಗಿ ಬಂದರೇನು?

ಸತ್ಯ: ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಹಣ ವಿದೇಶಿ ಕರೆನ್ಸಿಯಾಗಿಯೇ ಥಾಯ್ ಬ್ಯಾಂಕಿಗೆ ಬಂದು, ಅಲ್ಲಿ ಬಹ್ತ್ ಆಗಬೇಕು. ಹಣ ಬಂದ ಮೇಲೆ ಬ್ಯಾಂಕು ವಿದೇಶಿ ವಿನಿಮಯ ವಹಿವಾಟಿನ ಪತ್ರ ಕೊಡುತ್ತದೆ. ಎಲ್ಲರೂ ಇದನ್ನು ಎಫ್‌ಇಟಿ ಫಾರ್ಮ್ ಎನ್ನುತ್ತಾರೆ. 50,000 ಡಾಲರ್‌ಗೆ ಸಮನಾದ ಅಥವಾ ಅದಕ್ಕಿಂತ ದೊಡ್ಡ ಮೊತ್ತಕ್ಕೆ ಈ ಫಾರ್ಮ್, ಸಣ್ಣ ಮೊತ್ತಕ್ಕೆ ಬ್ಯಾಂಕಿನ ದೃಢೀಕರಣ ಪತ್ರ ಎಂಬುದು ಬಹುಕಾಲದ ರೂಢಿ. ಕಳಿಸಿದವರು ಯಾರು, ಪಡೆದವರು ಯಾರು, ಮೊತ್ತ ಎಷ್ಟು, ಉದ್ದೇಶವೇನು ಎಂಬುದೆಲ್ಲ ಅದರಲ್ಲಿರುತ್ತದೆ. ಭೂ ಕಚೇರಿ, ಅಂದರೆ ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಕೆಲಸ ಮಾಡುವ ಕಚೇರಿ, ನೋಂದಣಿಗೆ ಮೊದಲು ಈ ಪತ್ರ ಕೇಳುತ್ತದೆ.

ಕಡಿಮೆ ಶುಲ್ಕದ ಆಸೆಗೆ ಆ್ಯಪ್ ಮೂಲಕ ಹಣ ಕಳಿಸುವವರು ಎಚ್ಚರದಿಂದಿರಬೇಕು. ಇಂಥ ಎಷ್ಟೋ ಸೇವೆಗಳು ಹಣವನ್ನು ಮೊದಲೇ ಬಹ್ತ್ ಮಾಡಿ, ಸ್ಥಳೀಯ ವರ್ಗಾವಣೆಯಂತೆ ಖಾತೆಗೆ ಹಾಕುತ್ತವೆ. ಆಗ ಬ್ಯಾಂಕಿನ ಪುಸ್ತಕದಲ್ಲಿ ವಿದೇಶಿ ಕರೆನ್ಸಿಯ ಗುರುತೇ ಇರುವುದಿಲ್ಲ, ಪತ್ರವೂ ಸಿಗುವುದಿಲ್ಲ. ಉಳಿದ ನೂರಿನ್ನೂರು ಡಾಲರ್‌ಗೆ ಇಡೀ ಖರೀದಿಯೇ ನಿಂತುಹೋಗಬಹುದು.

ತಪ್ಪು ಕಲ್ಪನೆ: ಅಪ್ಪನ ಖಾತೆಯಿಂದ ಬಿಲ್ಡರ್‌ಗೆ ನೇರವಾಗಿ ಕಳಿಸಿದರೂ ನಡೆಯುತ್ತದೆ.

ಸತ್ಯ: ಪತ್ರದಲ್ಲಿ ಕೊಳ್ಳುವವರ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು. ವರ್ಗಾವಣೆಯ ಉದ್ದೇಶದಲ್ಲಿ ‘ಕಾಂಡೊಮಿನಿಯಂ ಖರೀದಿಗೆ’ ಎಂದು ಬರೆಸಬೇಕು. ಗಂಡ–ಹೆಂಡತಿ ಇಬ್ಬರ ಹೆಸರಿನಲ್ಲಿ ಕೊಳ್ಳುವುದಾದರೆ ಇಬ್ಬರೂ ತಮ್ಮ ಪಾಲಿಗೆ ಸಾಕ್ಷಿ ಕೊಡಬೇಕಾಗುತ್ತದೆ. ಕಟ್ಟುತ್ತಿರುವ ಕಟ್ಟಡಕ್ಕೆ ಕಂತು ಕಟ್ಟುವವರು ಮುಂಗಡದಿಂದ ಹಿಡಿದು ಕೊನೆಯ ಕಂತಿನವರೆಗೆ ಪ್ರತಿಯೊಂದಕ್ಕೂ ಪತ್ರ ಕೂಡಿಸಿಡಬೇಕು. ನೋಂದಣಿಯ ದಿನ ಆ ಪತ್ರಗಳ ಒಟ್ಟು ಮೊತ್ತ ಖರೀದಿ ಬೆಲೆಗಿಂತ ಕಡಿಮೆ ಇರಬಾರದು.

ತಪ್ಪು ಕಲ್ಪನೆ: ಮಾರುವವನೂ ವಿದೇಶಿಯೇ. ಅವನು ಆಗಲೇ ಹಣ ತಂದಿದ್ದಾನೆ, ನಾನು ತರಬೇಕಿಲ್ಲ.

ಸತ್ಯ: ಹಣದ ಸಾಕ್ಷಿ ಫ್ಲ್ಯಾಟಿಗೆ ಅಂಟಿ ಬರುವುದಿಲ್ಲ, ಮನುಷ್ಯನಿಗೆ ಅಂಟಿರುತ್ತದೆ. ಕೈ ಬದಲಾದಾಗಲೆಲ್ಲ ಹೊಸ ಖರೀದಿದಾರ ತನ್ನದೇ ಹಣ, ತನ್ನದೇ ಪತ್ರ ತರಬೇಕು. ಹಳೆಯ ಪತ್ರ ಮಾರುವವನಿಗೆ ಬೇರೆ ಕೆಲಸಕ್ಕೆ ಬರುತ್ತದೆ. ಮಾರಿದ ಹಣವನ್ನು ದೇಶದಿಂದ ಹೊರಗೆ ಕಳಿಸುವಾಗ ಬ್ಯಾಂಕು ಕೇಳುವುದು ಅದನ್ನೇ.

ತಪ್ಪು ಕಲ್ಪನೆ: ಹಣದ ಕಾಗದ ಸರಿಯಿದ್ದರೆ ಯಾವ ಫ್ಲ್ಯಾಟ್ ಬೇಕಾದರೂ ಕೊಳ್ಳಬಹುದು.

ಸತ್ಯ: ಒಂದು ಕಟ್ಟಡದ ಎಲ್ಲ ಫ್ಲ್ಯಾಟುಗಳ ಒಟ್ಟು ವಿಸ್ತೀರ್ಣದಲ್ಲಿ ವಿದೇಶಿಯರ ಪಾಲು ಶೇ 49 ಮೀರುವಂತಿಲ್ಲ. ಎಣಿಸುವುದು ವಿಸ್ತೀರ್ಣವನ್ನು, ಫ್ಲ್ಯಾಟುಗಳ ಸಂಖ್ಯೆಯನ್ನಲ್ಲ. ಈ ಪಾಲನ್ನು ಶೇ 75ಕ್ಕೆ ಏರಿಸುವ ಮಾತು 2024ರಲ್ಲಿ ಸರ್ಕಾರದ ಮಟ್ಟದಲ್ಲೇ ಕೇಳಿಬಂದು ದೊಡ್ಡ ಚರ್ಚೆಯಾಯಿತು. ಚರ್ಚೆಯನ್ನೇ ಕಾನೂನು ಎಂದು ನಂಬಿ ಮುಂಗಡ ಕೊಡಬಾರದು. ವಿದೇಶಿಯರ ಪಾಲಿನಲ್ಲಿ ಇನ್ನೂ ಜಾಗವಿದೆ ಎಂಬ ಪತ್ರವನ್ನು ಕಟ್ಟಡದ ಆಡಳಿತ ಮಂಡಳಿಯಿಂದ ಮೊದಲು ಪಡೆಯಬೇಕು.

ಪಾಲು ಮುಗಿದಿದ್ದರೆ ಥಾಯ್ ಪ್ರಜೆಯೊಬ್ಬರ ಹೆಸರಿನಲ್ಲೋ ಹೆಸರಿಗಷ್ಟೇ ಇರುವ ಕಂಪನಿಯ ಮೂಲಕವೋ ಕೊಳ್ಳಿ ಎಂದು ದಲ್ಲಾಳಿಗಳು ಹೇಳಬಹುದು. ಅದು ಬೇನಾಮಿ ವ್ಯವಹಾರ. ವಿದೇಶಿಯರಿಗೆ ಹೆಸರು ಕೊಟ್ಟು ಬೇನಾಮಿಯಾಗಿ ವ್ಯವಹಾರ ನಡೆಸಿದರೆ 1999ರ ವಿದೇಶಿ ವ್ಯವಹಾರ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲು, ಹತ್ತು ಲಕ್ಷ ಬಹ್ತ್‌ವರೆಗೆ ದಂಡ ಬೀಳಬಹುದು.

ತಪ್ಪು ಕಲ್ಪನೆ: ಊರಿನಿಂದ ಎಷ್ಟು ಬೇಕಾದರೂ ತರಿಸಬಹುದು.

ಸತ್ಯ: ಅತ್ತ ಥಾಯ್ ಕಾಯ್ದೆ ಇದ್ದರೆ, ಇತ್ತ ಭಾರತದ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ (ಫೆಮಾ) ಇದೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ನೆಲೆಸಿರುವವರು ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ (ಎಲ್‌ಆರ್‌ಎಸ್) ಯೋಜನೆಯಡಿ ಒಂದು ಹಣಕಾಸು ವರ್ಷದಲ್ಲಿ ತಲಾ 2,50,000 ಡಾಲರ್‌ವರೆಗೆ ಕಳಿಸಬಹುದು. ಹತ್ತಿರದ ಸಂಬಂಧಿಕರು ತಂತಮ್ಮ ಮಿತಿಯೊಳಗಿನ ಹಣವನ್ನು ಒಂದೇ ಆಸ್ತಿಗೆ ಒಟ್ಟುಗೂಡಿಸಲು ಅವಕಾಶವಿದೆ. ಆದರೂ ಥಾಯ್ ಕಡೆಯ ಹೆಸರಿನ ನಿಯಮ ಮರೆಯುವಂತಿಲ್ಲ. ಹೀಗೆ ಕಳಿಸುವಾಗ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತದ ಮೇಲೆ ಬ್ಯಾಂಕು ಶೇ 20ರಷ್ಟು ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತದೆ. 10 ಲಕ್ಷದ ಈ ಮಿತಿ 2025ರ ಏಪ್ರಿಲ್ 1ರಿಂದ ಬಂದದ್ದು, ಅದಕ್ಕೆ ಮೊದಲು 7 ಲಕ್ಷ ಇತ್ತು. ಇದು ಹೊಸ ತೆರಿಗೆಯಲ್ಲ. ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ಹಿಡಿದು, ಹೆಚ್ಚಾಗಿದ್ದರೆ ವಾಪಸ್ ಪಡೆಯಬಹುದು. ಆದರೆ ಅಲ್ಲಿಯವರೆಗೆ ಆ ಹಣ ಕೈಗೆ ಸಿಗುವುದಿಲ್ಲ.

ಬ್ಯಾಂಕಾಕಿನಲ್ಲೇ ನೆಲೆಸಿ ಅನಿವಾಸಿಯಾಗಿರುವವರ ಲೆಕ್ಕ ಬೇರೆ. ಊರಿನ ಬಾಡಿಗೆ ಬಂದದ್ದು, ಸೈಟು ಮಾರಿದ್ದು ಎನ್‌ಆರ್‌ಒ ಖಾತೆಯಲ್ಲಿದ್ದರೆ (ಅನಿವಾಸಿಯ ಭಾರತದ ಗಳಿಕೆ ಇಡುವ ಖಾತೆ) ತೆರಿಗೆ ಕಟ್ಟಿದ ಬಳಿಕ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ವಿದೇಶದ ಗಳಿಕೆ ಇಡುವ ಎನ್‌ಆರ್‌ಇ ಖಾತೆಯ ಹಣಕ್ಕೆ ಆ ಮಿತಿಯೂ ಇಲ್ಲ. ಸಂಬಳದ ಉಳಿತಾಯವನ್ನು ಬಳಸಲಾಗದ ಕನ್ನಡಿಗರಿಗೆ ನೆಟ್ಟಗಿನ ದಾರಿ ಇದೇ.

ಹವಾಲಾ ಮೂಲಕ ಹಣ ತರಿಸುವುದು ಎರಡೂ ದೇಶಗಳಲ್ಲಿ ಕಾನೂನುಬಾಹಿರ, ಅಂಥ ಹಣಕ್ಕೆ ಬ್ಯಾಂಕಿನ ಪತ್ರವೂ ಸಿಗುವುದಿಲ್ಲ.

ತಪ್ಪು ಕಲ್ಪನೆ: ಬ್ಯಾಂಕಿನ ಪತ್ರ ಸಿಕ್ಕಿದರೆ ತೆರಿಗೆಯ ತಲೆನೋವೂ ಮುಗಿಯಿತು.

ಸತ್ಯ: ಎಫ್‌ಇಟಿ ಪತ್ರ ಭೂ ಕಚೇರಿಗೆ ಉತ್ತರ, ತೆರಿಗೆ ಇಲಾಖೆಗಲ್ಲ. ಒಂದು ವರ್ಷದಲ್ಲಿ 180 ದಿನ ಅಥವಾ ಹೆಚ್ಚು ಕಾಲ ಥಾಯ್ಲೆಂಡಿನಲ್ಲಿದ್ದವರು ಅಲ್ಲಿನ ತೆರಿಗೆ ನಿವಾಸಿಗಳು. ಅವರು ಹೊರದೇಶದಲ್ಲಿ ಗಳಿಸಿದ ಆದಾಯವನ್ನು ಯಾವ ವರ್ಷ ಒಳಗೆ ತಂದರೂ ಅದನ್ನು ತೆರಿಗೆಗೆ ಒಳಪಡಿಸುವ ನಿಲುವು 2024ರ ಜನವರಿ 1ರಿಂದ ಜಾರಿಗೆ ಬಂತು. ಆ ದಿನಕ್ಕಿಂತ ಮುಂಚೆ ಗಳಿಸಿದ್ದಕ್ಕೆ ಇದು ಅನ್ವಯಿಸುವುದಿಲ್ಲ. ಆದ್ದರಿಂದ ಹಳೆಯ ಉಳಿತಾಯ ಯಾವುದು, ಹೊಸ ಗಳಿಕೆ ಯಾವುದು ಎಂದು ಬ್ಯಾಂಕ್ ಸ್ಟೇಟ್‌ಮೆಂಟುಗಳಿಂದ ತೋರಿಸುವಂತಿರಬೇಕು. ಭಾರತದಲ್ಲಿ ಕಟ್ಟಿದ ತೆರಿಗೆಗೆ ಎರಡು ದೇಶಗಳ ನಡುವಿನ ಒಪ್ಪಂದದಡಿ ಪರಿಹಾರ ಕೇಳಬಹುದು.

ತಪ್ಪು ಕಲ್ಪನೆ: ನನ್ನ ನಂತರ ಮಕ್ಕಳಿಗೆ ತಾನಾಗಿ ಹೋಗುತ್ತದೆ.

ಸತ್ಯ: ವಾರಸುದಾರರಿಗೆ ಆಸ್ತಿ ಬರುತ್ತದೆ. ಆದರೆ ಅವರು 19ನೇ ಸೆಕ್ಷನ್ನಿನ ಅರ್ಹತೆ ಹೊಂದಿಲ್ಲದಿದ್ದರೆ ಒಂದು ವರ್ಷದೊಳಗೆ ಅದನ್ನು ಮಾರಬೇಕು.

ಕೊನೆಗೆ ಓದುಗರಿಗೆ ಒಂದು ಮಾತು. ಫ್ಲ್ಯಾಟ್ ನೋಡುವ ಮೊದಲು ಬ್ಯಾಂಕಿಗೆ ಹೋಗಿ, ಹಣ ಬರುವ ದಾರಿಯನ್ನು ಗೊತ್ತುಮಾಡಿಕೊಳ್ಳಿ. ಮುಂಗಡ ಕೊಡುವ ಮೊದಲು ಸ್ವತಂತ್ರ ವಕೀಲರೊಬ್ಬರಿಗೆ ಕರಾರು ತೋರಿಸಿ. ಆ ವಕೀಲರು ಬಿಲ್ಡರ್ ಗೊತ್ತುಮಾಡಿದವರಾಗಿರಬಾರದು. ಬ್ಯಾಂಕು ಕೊಟ್ಟ ಪ್ರತಿ ಪತ್ರದ ಮೂಲಪ್ರತಿಯನ್ನು ಹಕ್ಕುಪತ್ರದ ಜೊತೆಗೇ ಭದ್ರವಾಗಿಡಿ. ಕೊಳ್ಳುವ ದಿನ ಬೇಕಾದ ಆ ಕಾಗದ ಮಾರುವ ದಿನವೂ ಬೇಕಾಗುತ್ತದೆ.