ಬಿಲ್ಕೀಸ್ ಮತ್ತು 5 ಸೆಂಟಿಮೀಟರಿನ ನಿಯಮ

ಕ್ರೀಡಾಕೂಟಕ್ಕೆ ಅಭ್ಯಾಸ ನಡೆಯುತ್ತಿದ್ದಾಗ ಪ್ರಥಮ ಪಿಯುಸಿಯ ಒಬ್ಬಳು ತಂಗಿ ನನ್ನ ಹತ್ತಿರ ಬಂದು, "ಅಕ್ಕಾ, ಇಲ್ಲೇನೋ ಸ್ಕಾರ್ಫ್ ಹಾಕಿಕೊಂಡೇ ಆಡ್ತೇವೆ. ದೊಡ್ಡ ಮ್ಯಾಚ್‌ಗಳಲ್ಲಿ ಬಿಡ್ತಾರಾ?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. "ನೋಡಿ ಹೇಳ್ತೇನೆ" ಅಂದೆ. ಹಾಗೆ ಹುಡುಕಿ ಓದುತ್ತಾ ಹೋದಾಗ ಸಿಕ್ಕಿದ ಹೆಸರು ಬಿಲ್ಕೀಸ್ ಅಬ್ದುಲ್ ಖಾದಿರ್.

ಬಿಲ್ಕೀಸ್ ಹುಟ್ಟಿದ್ದು 1990ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ. ಬಾಸ್ಕೆಟ್‌ಬಾಲ್ ಹುಟ್ಟಿದ್ದೂ ಅದೇ ಊರಿನಲ್ಲಿ. 1891ರ ಚಳಿಗಾಲದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಹೊಡೆಸಿ, ಒಳಾಂಗಣದಲ್ಲಿ ಆಡುವ ಈ ಆಟವನ್ನು ಆರಂಭಿಸಿದರು. ಇವತ್ತಿಗೂ ರಿಂಗ್ ಇರುವುದು ಅದೇ ಹತ್ತು ಅಡಿಯಲ್ಲಿ.

ಎಂಟು ಮಕ್ಕಳಲ್ಲಿ ಬಿಲ್ಕೀಸ್ ಕೊನೆಯವರು. ಎತ್ತರದವರೂ ಅಲ್ಲ. ಆದರೂ ಎಂಟನೇ ತರಗತಿಯಲ್ಲೇ ಹೈಸ್ಕೂಲಿನ ಮುಖ್ಯ ತಂಡಕ್ಕೆ ಆಯ್ಕೆಯಾದರು. ಒಂಬತ್ತನೇ ತರಗತಿಗೆ ಬಂದಾಗ ಹಿಜಾಬ್ ಧರಿಸಲು ಆರಂಭಿಸಿದರು. ಜರ್ಸಿಯ ಒಳಗೆ ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಲೆಗ್ಗಿಂಗ್ಸ್, ತಲೆಗೆ ಹಿಜಾಬ್ ಧರಿಸಿಯೇ ಅಂಗಳಕ್ಕೆ ಇಳಿದರು. ಪ್ರೇಕ್ಷಕರಲ್ಲಿ ಕುಹಕದ ಮಾತಾಡಿದವರೂ ಇದ್ದರು. ಆದರೆ ಆಟ ನಿಲ್ಲಲಿಲ್ಲ.

ಹೈಸ್ಕೂಲು ಮುಗಿಸುವಾಗ ಅವರ ಹೆಸರಿನಲ್ಲಿದ್ದ ಅಂಕಗಳು 3,070. ಅದಕ್ಕೂ ಮೊದಲು ಆ ರಾಜ್ಯದ ದಾಖಲೆ ಇನ್ನೊಬ್ಬರ ಹೆಸರಿನಲ್ಲಿತ್ತು. ಅದು, ಮುಂದೆ ಒಲಿಂಪಿಕ್ ಚಿನ್ನ ಗೆದ್ದ ತಂಡದಲ್ಲಿದ್ದ ರೆಬೆಕಾ ಲೋಬೊ ಅವರ ದಾಖಲೆ. ಬಿಲ್ಕೀಸ್ ಅದನ್ನು ಹಿಂದಿಕ್ಕಿದರು. 2009ರ ರಮಝಾನ್‌ನಲ್ಲಿ ಶ್ವೇತಭವನದ ಇಫ್ತಾರ್ ಕೂಟಕ್ಕೆ ಆಹ್ವಾನ ಬಂತು. ಅಧ್ಯಕ್ಷ ಬರಾಕ್ ಒಬಾಮ ತಮ್ಮ ಭಾಷಣದಲ್ಲಿ ಅವರ ಹೆಸರು ಹೇಳಿದರು.

ಮುಂದೆ ಮೆಂಫಿಸ್ ವಿಶ್ವವಿದ್ಯಾಲಯ ಸೇರಿದರು. ಮೊದಲ ವರ್ಷವೇ ಮೊಣಕಾಲಿನ ಗಾಯದಿಂದಾಗಿ ಆಡಲಾಗಲಿಲ್ಲ. ಚೇತರಿಸಿಕೊಂಡು ಮರಳಿದಾಗ, ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನ ಅತ್ಯುನ್ನತ ವಿಭಾಗದಲ್ಲಿ ಹಿಜಾಬ್ ಧರಿಸಿ ಆಡಿದ ಮೊದಲ ಆಟಗಾರ್ತಿ ಎಂದು ಹೆಸರಾದರು. ಪದವಿ ಮುಗಿಸಿ, ಕೊನೆಯ ಒಂದು ವರ್ಷ ಇಂಡಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಪರವಾಗಿ ಆಡಿದರು. ಇನ್ನು ಯುರೋಪಿನ ಯಾವುದಾದರೂ ವೃತ್ತಿಪರ ಕ್ಲಬ್ ಸೇರುವುದೆಂದು ಆಸೆ ಇಟ್ಟುಕೊಂಡಿದ್ದರು. ಅದು 2014.

ಆಗ ಅಡ್ಡ ಬಂದದ್ದು ಒಂದು ನಿಯಮ. ಅಲ್ಲಿಯ ಕ್ಲಬ್‌ಗಳು ಆಡುವುದು ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮಗಳ ಪ್ರಕಾರ. ಆಟಗಾರರು ತಲೆಗೆ ಏನನ್ನೂ ಧರಿಸುವಂತಿಲ್ಲ, ಹೆಡ್‌ಬ್ಯಾಂಡ್ ಇದ್ದರೆ ಅದರ ಅಗಲ 5 ಸೆಂ.ಮೀ. ಮೀರಬಾರದು ಎಂದು ಆ ಪುಸ್ತಕದಲ್ಲಿತ್ತು. ಇದು ಆಟಗಾರರ ಸುರಕ್ಷತೆಗಾಗಿ ಮಾಡಿದ್ದು ಎಂದು ಫಿಬಾ ಹೇಳುತ್ತಿತ್ತು. ಇದನ್ನು ಓದಿದ ದಿನ ನಾನು ಜಾಮೆಟ್ರಿ ಬಾಕ್ಸಿನ ಸ್ಕೇಲ್ ತೆಗೆದು ನನ್ನ ಸ್ಕಾರ್ಫಿನ ಮೇಲೆ 5 ಸೆಂ.ಮೀ. ಅಳೆದು ನೋಡಿದೆ. ಮೂರು ಬೆರಳಷ್ಟೂ ಇಲ್ಲ. ನಿಯಮದಲ್ಲಿ ಹಿಜಾಬ್ ಎಂಬ ಮಾತಿಲ್ಲ, ಇಸ್ಲಾಮಿನ ಹೆಸರಿಲ್ಲ. ಎಲ್ಲರಿಗೂ ಒಂದೇ ಅಳತೆ. ಆದರೆ ಆ ಅಳತೆಯಿಂದ ಹೊರಗೆ ಉಳಿಯುವವರು ಮಾತ್ರ ಕೆಲವರೇ.

ಹೊರಗೆ ಉಳಿದವರು ನಾವು ಮಾತ್ರವೂ ಅಲ್ಲ. ಅದೇ 2014ರಲ್ಲಿ ಚೀನಾದ ವುಹಾನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತ ತಂಡದ ಇಬ್ಬರು ಸಿಖ್ ಆಟಗಾರರಾದ ಅಮೃತ್‌ಪಾಲ್ ಸಿಂಗ್ ಮತ್ತು ಅಮ್‌ಜ್ಯೋತ್ ಸಿಂಗ್ ಅವರಿಗೆ ಪೇಟ ತೆಗೆದರೆ ಮಾತ್ರ ಆಡಬಹುದು ಎಂದು ಹೇಳಲಾಯಿತು. ಎರಡು ತಿಂಗಳ ನಂತರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಕತಾರ್ ಮಹಿಳಾ ತಂಡ ಹಿಜಾಬ್ ತೆಗೆಯಲು ಒಪ್ಪದೆ ಮಂಗೋಲಿಯಾ ವಿರುದ್ಧದ ಪಂದ್ಯವನ್ನೇ ಬಿಟ್ಟುಕೊಟ್ಟಿತು. ಫುಟ್‌ಬಾಲ್‌ನಲ್ಲಾದರೋ ಆ ವರ್ಷದ ಮಾರ್ಚ್‌ನಲ್ಲೇ ತಲೆವಸ್ತ್ರಕ್ಕೆ ಅನುಮತಿ ಸಿಕ್ಕಿತ್ತು.

ಬಿಲ್ಕೀಸ್ ಮುಂದೆ ಎರಡೇ ದಾರಿ ಇದ್ದವು: ಹಿಜಾಬ್ ತೆಗೆದು ಆಡುವುದು, ಇಲ್ಲವೇ ಆಟ ಬಿಡುವುದು. ಆ ದಿನಗಳಲ್ಲಿ ತಮ್ಮ ಮನಸ್ಸೂ ತೂಗಾಡಿತ್ತು ಎಂದು ಅವರು ನಂತರ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ನನಗೆ ಅವರು ಹತ್ತಿರದವರು ಅನ್ನಿಸಿದ್ದು ಆ ಮಾತು ಓದಿದಾಗ. ಕೊನೆಗೆ ಅವರು ಹಿಜಾಬ್ ತೆಗೆಯಲಿಲ್ಲ. ಸುಮ್ಮನೆ ಕೂರಲೂ ಇಲ್ಲ. ಮೆಂಫಿಸ್‌ನ ಒಂದು ಮುಸ್ಲಿಂ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾ, ಬೇರೆ ಬೇರೆ ದೇಶಗಳ ಆಟಗಾರ್ತಿಯರೊಂದಿಗೆ ಸೇರಿ ನಿಯಮ ಬದಲಿಸಲು ಒತ್ತಾಯಿಸಿದರು. ಸಹಿ ಸಂಗ್ರಹಿಸಿದರು, ವೇದಿಕೆ ಸಿಕ್ಕಲ್ಲೆಲ್ಲ ಮಾತಾಡಿದರು.

2017ರ ಮೇ 4ರಂದು ಫಿಬಾ ನಿಯಮ ಬದಲಿಸಿತು. ಅಕ್ಟೋಬರ್ 1ರಿಂದ ಅದು ಜಾರಿಗೆ ಬಂತು. ಹೊಸ ನಿಯಮದಲ್ಲಿ ಷರತ್ತುಗಳಿವೆ. ತಲೆವಸ್ತ್ರ ಕಪ್ಪು, ಬಿಳಿ ಅಥವಾ ಜರ್ಸಿಯ ಮುಖ್ಯ ಬಣ್ಣದ್ದಾಗಿರಬೇಕು, ತಂಡದಲ್ಲಿ ಧರಿಸುವವರೆಲ್ಲರದ್ದೂ ಒಂದೇ ಬಣ್ಣವಿರಬೇಕು, ಮುಖ ಮುಚ್ಚಬಾರದು. ಮುಖ ಮತ್ತು ಕುತ್ತಿಗೆಯ ಸುತ್ತ ಬಿಚ್ಚಿ ಮುಚ್ಚುವಂಥದ್ದೇನೂ ಇರಬಾರದು, ಯಾರಿಗೂ ಅಪಾಯವಾಗುವಂತಿರಬಾರದು. ಗಮನಿಸಿ, ಸುರಕ್ಷತೆಯನ್ನು ಯಾರೂ ಕೈಬಿಟ್ಟಿಲ್ಲ. ಅಗಲ ಅಳೆಯುವ ಬದಲು ಅಪಾಯ ಯಾವುದರಿಂದ ಎಂದು ನೋಡಿದರು. ಅಷ್ಟೇ ವ್ಯತ್ಯಾಸ.

ಆದರೆ ಆ ಹೊತ್ತಿಗೆ ಬಿಲ್ಕೀಸ್ ಕಾಲೇಜು ಬಾಸ್ಕೆಟ್‌ಬಾಲ್ ಬಿಟ್ಟು ಮೂರು ವರ್ಷವಾಗಿತ್ತು. ಆಟಗಾರ್ತಿಗೆ ಇಪ್ಪತ್ತಮೂರರಿಂದ ಇಪ್ಪತ್ತಾರರವರೆಗಿನ ವಯಸ್ಸು ಚಿನ್ನದಂಥದ್ದು. ಅದು ಮರಳಿ ಬರುವುದಿಲ್ಲ. ವೃತ್ತಿಪರ ಕ್ಲಬ್‌ನಲ್ಲಿ ಆಡುವ ಅವರ ಕನಸು ಕನಸಾಗಿಯೇ ಉಳಿಯಿತು. ಅವರು ತೆರೆಸಿದ ಬಾಗಿಲಿನಿಂದ ಒಳಗೆ ಹೋದವರು ಅವರ ನಂತರದ ಹುಡುಗಿಯರು. 2018ರಲ್ಲಿ ಅವರ ಬದುಕಿನ ಬಗ್ಗೆ ಒಂದು ಸಾಕ್ಷ್ಯಚಿತ್ರವೂ ಬಂತು. ಮುಸ್ಲಿಂ ಹುಡುಗಿಯರಿಗೆ ಆಟ ಕಲಿಸುವ ಕೆಲಸವನ್ನು ಅವರು ಮುಂದುವರಿಸಿದರು.

ಎಲ್ಲ ಕಡೆ ಬಾಗಿಲು ತೆರೆದಿದೆ ಎಂದೂ ಅಲ್ಲ. ಫ್ರಾನ್ಸಿನ ಬಾಸ್ಕೆಟ್‌ಬಾಲ್ ಫೆಡರೇಶನ್ 2022ರ ಕೊನೆಯಲ್ಲಿ ತನ್ನ ಸ್ಪರ್ಧೆಗಳಲ್ಲಿ ಧಾರ್ಮಿಕ ತಲೆವಸ್ತ್ರವನ್ನು ನಿಷೇಧಿಸಿತು. ನಿಯಮ ಒಮ್ಮೆ ಬದಲಾದರೆ ಕೆಲಸ ಮುಗಿಯಿತು ಎಂದುಕೊಳ್ಳುವಂತಿಲ್ಲ.

ಹಾಗಾಗಿ ತಂಗೀ, ನಿನ್ನ ಪ್ರಶ್ನೆಗೆ ಉತ್ತರ ಇದು: ಫಿಬಾದ ನಿಯಮಪುಸ್ತಕದ ಪ್ರಕಾರ ಬಿಡುತ್ತಾರೆ. ಹಾಗೆಂದು ಬರೆಸಲು ಒಬ್ಬರು ತಮ್ಮ ಆಟದ ಅತ್ಯುತ್ತಮ ವರ್ಷಗಳನ್ನು ಕೊಟ್ಟಿದ್ದಾರೆ. ನಿಯಮದ ಮಾತು ಆಯಿತು, ಇನ್ನು ಉಳಿದದ್ದು ಆಟ. ಬಿಲ್ಕೀಸ್ ಅವರ 3,070 ಅಂಕಗಳನ್ನು ಯಾವ ನಿಯಮವೂ ಕೊಟ್ಟದ್ದಲ್ಲ. ನಾಳೆ ಸಂಜೆ ಅಸರ್ ನಮಾಝ್ ಮುಗಿಸಿ ಅಂಗಳಕ್ಕೆ ಬಾ. ನಿನ್ನ ಲೇ-ಅಪ್ ಇನ್ನೂ ಸರಿಯಾಗಬೇಕು. ಇನ್ಶಾ ಅಲ್ಲಾಹ್, ಆಗುತ್ತದೆ.