ಸಮ್ಮತಿ ಪತ್ರದ ಕನ್ನಡ: ಆರೋಗ್ಯ ಸೇವೆಯಲ್ಲಿ ಭಾಷಾ ಲಭ್ಯತೆಯ ಒಂದು ಮುಖ

ಆಸ್ಪತ್ರೆಗಳಲ್ಲಿನ ಭಾಷಾ ತೊಡಕನ್ನು ಚರ್ಚಿಸುವಾಗ ಇಂಗ್ಲಿಶ್ ಮತ್ತು ಕನ್ನಡಗಳ ನಡುವಣ ಅಂತರವನ್ನಷ್ಟೇ ಗಮನಿಸುವುದು ರೂಢಿ. ಆದರೆ ಕನ್ನಡದಲ್ಲಿಯೇ ಅಚ್ಚಾದ ಬರಹವು ಕನ್ನಡಿಗರನ್ನು ತಲುಪದೆ ಹೋಗುವುದುಂಟು. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯಿಂದ ಸಹಿ ಪಡೆಯುವ ಸಮ್ಮತಿ ಪತ್ರ ಇದಕ್ಕೆ ತಕ್ಕ ನಿದರ್ಶನ. ವಿಶ್ಲೇಷಣೆಗಾಗಿ, ಇಂತಹ ಪತ್ರಗಳ ಧಾಟಿಯಲ್ಲಿ ರಚಿಸಿಕೊಂಡ ಒಂದು ವಾಕ್ಯವನ್ನು ನೋಡಬಹುದು:

'ಸದರಿ ಶಸ್ತ್ರಚಿಕಿತ್ಸೆಯ ಸಂಭಾವ್ಯ ತೊಡಕುಗಳ ಬಗ್ಗೆ ನನಗೆ ವಿವರಿಸಲಾಗಿದ್ದು, ಅಗತ್ಯವೆನಿಸಿದಲ್ಲಿ ಹೆಚ್ಚುವರಿ ಕಾರ್ಯವಿಧಾನ ಕೈಗೊಳ್ಳಲು ಸಮ್ಮತಿಸಿರುತ್ತೇನೆ.'

ಇಲ್ಲಿನ ಮುಖ್ಯ ತೊಡಕು ಕಠಿಣ ಪದಗಳದ್ದಲ್ಲ (ಕಚೇರಿಯ 'ಸದರಿ' ರೋಗಿಯ ಹಾಸಿಗೆಯವರೆಗೂ ಬಂದಿರುವುದು ಕುತೂಹಲಕರವೇ ಆದರೂ). 'ಶಸ್ತ್ರಚಿಕಿತ್ಸೆ'ಯನ್ನು 'ಆಪರೇಷನ್' ಎಂದು ಬದಲಿಸಿದರೆ ವಾಕ್ಯ ತಿಳಿಯಾಗುವುದಿಲ್ಲ. 'ವಿವರಿಸಲಾಗಿದ್ದು' ಎಂಬ ರೂಪದಲ್ಲಿ ವಿವರಿಸಿದವರು ಯಾರೆಂಬುದು ಮರೆಯಾಗಿದೆ. 'ಎನಿಸು' ಕ್ರಿಯಾಪದವು ಚತುರ್ಥಿ ವಿಭಕ್ತಿಯ ನಾಮಪದವನ್ನು ಬಯಸುತ್ತದೆ. ಅಗತ್ಯವೆಂದು ಎನಿಸಬೇಕಾದುದು ವೈದ್ಯರಿಗೋ, ರೋಗಿಗೋ, ಬಂಧುಗಳಿಗೋ? ಆ ಪದವೇ ಇಲ್ಲ. ಕೊನೆಯಲ್ಲಿ ಸ್ಪಷ್ಟವಾಗಿ ಉಳಿಯುವುದು ಉತ್ತಮಪುರುಷ ಪ್ರತ್ಯಯ ಒಂದೇ. ಹೊಣೆ ಹೊರುವವರೆಲ್ಲ ವ್ಯಾಕರಣದಲ್ಲಿ ಅಡಗಿ, ಒಪ್ಪಿದ ರೋಗಿಯೊಬ್ಬರೇ ಕಾಣುತ್ತಾರೆ.

ಇದು ಕೇವಲ ಶೈಲಿಯ ಪ್ರಶ್ನೆಯಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ರೋಗಪತ್ತೆಗೆಂದು ಅರಿವಳಿಕೆ ಪಡೆದಿದ್ದ ಮಹಿಳೆಯ ಗರ್ಭಕೋಶ ಮತ್ತು ಅಂಡಾಶಯಗಳನ್ನು ಆಕೆಯ ತಾಯಿಯ ಒಪ್ಪಿಗೆಯ ಮೇರೆಗೆ ತೆಗೆಯಲಾಗಿತ್ತು. ಪರೀಕ್ಷೆಗೆ ನೀಡಿದ ಸಮ್ಮತಿ ಅಂತಹ ಶಸ್ತ್ರಚಿಕಿತ್ಸೆಗೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪಿತ್ತಿತು. 'ಹೆಚ್ಚುವರಿ ಕಾರ್ಯವಿಧಾನ' ಎಂಬ ನಾಮಪದ ಗುಚ್ಛವು ಮಸುಕಾಗಿಸುವುದು ಈ ಗಡಿಯನ್ನೇ.

ಹೋಲಿಕೆಗೆ: 'ಗಡ್ಡೆ ತೆಗೆಯುತ್ತೇವೆ ಎಂದು ಡಾಕ್ಟರು ನನಗೆ ಹೇಳಿದ್ದಾರೆ. ಅದಕ್ಕೆ ಒಪ್ಪಿದ್ದೇನೆ. ಜೀವಕ್ಕೆ ಅಪಾಯವಿಲ್ಲದಿದ್ದರೆ, ನನ್ನನ್ನು ಕೇಳದೆ ಗರ್ಭಕೋಶ ತೆಗೆಯಬಾರದು.' ಇಲ್ಲಿ ಪ್ರತಿ ಕ್ರಿಯೆಯೂ ಬಿಡಿ ವಾಕ್ಯದಲ್ಲಿದೆ. ಓದಲು ಬಾರದವರಿಗೆ ಪತ್ರವನ್ನು ಯಾರಾದರೂ ಓದಿ ಹೇಳಬೇಕಾದುದರಿಂದ ಇದು ಕಿವಿಗೂ ಒಗ್ಗಬೇಕು.

ಪ್ರಾದೇಶಿಕ ಭೇದಗಳು ಮತ್ತೊಂದು ಪದರ. ಉತ್ತರ ಕರ್ನಾಟಕದಲ್ಲಿ ಕಾಯಿಲೆಯನ್ನು ಸೂಚಿಸುವ 'ಜಡ್ಡು', ಮೈಸೂರು ಸೀಮೆಯವರಿಗೆ ಗಡಸಾದ ಚರ್ಮವನ್ನು ನೆನಪಿಸೀತು. 2011ರ ಜನಗಣತಿಯಂತೆ ರಾಜ್ಯದ ಸುಮಾರು ಮೂರನೆಯ ಒಂದು ಭಾಗದ ಜನರ ತಾಯ್ನುಡಿ ಕನ್ನಡವಲ್ಲ. ಅವರಿಗೆ ಸರಳ ಕನ್ನಡವೂ ಸಾಲದು, ದುಭಾಷಿ ಬೇಕು. ಆದುದರಿಂದ ಪತ್ರದ ಕೊನೆಯಲ್ಲಿ ಸಹಿಯ ಜಾಗದ ಮೇಲೆ ಇನ್ನೆರಡು ಸಾಲುಗಳಿರುವುದು ಉಚಿತ: ಇದನ್ನು ವಿವರಿಸಿದವರು ಯಾರು, ಯಾವ ಭಾಷೆಯಲ್ಲಿ.